ತ್ರೀ ಫೇಸಿನ ಹಾಡುಗಾರ

ಗಿಟಾರ್ ಕೈಗೆ ತೆಗೆದುಕೊಳ್ಳುವ ಮುಂಚೆ ಕಿಟಕಿ ತೆಗೆದು ಬೀದಿಯ ಕಂಬದ ಕಡೆ ಕಿವಿ ಕೊಡುವುದು ನನ್ನ ಅಭ್ಯಾಸ. ಕೆಲವರು ದೇವರಿಗೆ ಕೈ ಮುಗಿಯುತ್ತಾರೆ, ಕೆಲವರು ಗುರುಗಳನ್ನು ನೆನೆಯುತ್ತಾರೆ, ನಾನು ವಿದ್ಯುತ್ ಇಲಾಖೆಯನ್ನು ನೆನೆಯುತ್ತೇನೆ. ಈಗ ಆ ಕಂಬದಲ್ಲಿ ಕೇಳುವಂಥದ್ದು ಏನೂ ಉಳಿದಿಲ್ಲ. ಒಂದು ಕಾಗೆ ಕೂತಿರುತ್ತದೆ, ಅದಕ್ಕೂ ನನ್ನ ಮೇಲೆ ಅಂಥ ಗೌರವವೇನಿಲ್ಲ. ಆದರೂ ಕಿಟಕಿ ತೆಗೆಯುತ್ತೇನೆ. ಮೊನ್ನೆ ಮಂಡ್ಯದಿಂದ ಬಂದಿದ್ದ ಸ್ನೇಹಿತನೊಬ್ಬ ನನ್ನ ಗಿಟಾರನ್ನು ಮೀಟಿ ನೋಡಿ, 'ಎಲ್ಲಾ ತಂತಿಯೂ ಶ್ರುತಿಗಿಂತ ಕೂದಲೆಳೆಯಷ್ಟು ಮೇಲಿವೆಯಲ್ಲೋ' ಎಂದ. ಇವೆ. ಅದರ ಹಿಂದೆ ಒಂದು ಕಥೆಯಿದೆ. ಅವನು ಕೇಳಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ, ಏಕೆಂದರೆ ನಿಮಗೆ ಗೊತ್ತಿರುವ ಸಾಧ್ಯತೆಯಿಲ್ಲ. ನಾನು ಸ್ವತಂತ್ರ ಸಂಗೀತಗಾರ. ಸ್ವತಂತ್ರ ಎಂದರೆ ಯಾರೂ ಕರೆಯದವನು ಎಂದರ್ಥ. ನನ್ನ ಹಾಡುಗಳನ್ನು ನಾನೇ ಬರೆದು, ನಾನೇ ರಾಗ ಹಾಕಿ, ನಾನೇ ಬಾರಿಸಿ, ನಾನೇ ಇಂಟರ್‌ನೆಟ್ಟಿಗೆ ಹಾಕಿ, ಆಮೇಲೆ ಬಹುಪಾಲು ನಾನೇ ಕೇಳುತ್ತೇನೆ. ಹೊಟ್ಟೆಪಾಡಿಗೆ ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಮನೆ ಮಾತ್ರ ಬೆಸಗರಹಳ್ಳಿಯಿಂದ ಇನ್ನೂ ಒಳಕ್ಕೆ, ನಾಲೆಯ ಕಟ್ಟಕಡೆಯ ಊರಿನಲ್ಲಿ. ನಾಲೆ ಅಲ್ಲಿಯವರೆಗೂ ಬರುತ್ತದೆ. ನೀರು ಬರುತ್ತದೆ ಎಂದು ನಾನು ಹೇಳಲಿಲ್ಲ.

ಶಾಲೆಯ ವಾರ್ಷಿಕೋತ್ಸವದ ದಿನಗಳಲ್ಲಿ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ವಡೆ ಕಟ್ಟಿಸಿಕೊಂಡು ಗಿಟಾರಿನ ಚೀಲದ ಜೇಬಿಗೆ ಹಾಕಿಕೊಳ್ಳುತ್ತಿದ್ದುದರಿಂದ ನನ್ನ ವಾದ್ಯಕ್ಕೆ ಇವತ್ತಿಗೂ ಈರುಳ್ಳಿಯ ಪರಿಮಳವಿದೆ. ಒಮ್ಮೆ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಚೀಲವನ್ನು ಮುಟ್ಟಿ ನೋಡಿ, "ಔಸ್ದಿ ಒಡಿಯೋ ಕ್ಯಾನಾ?" ಎಂದು ಕೇಳಿದರು. ಅಲ್ಲ, ಗಿಟಾರು ಎಂದೆ. "ಓ, ಆರ್ಕೆಸ್ಟ್ರಾದೋರಾ? ಗಣಪತಿಗ್ ಬತ್ತೀರಾ?" ಎಂದರು. ಆರ್ಕೆಸ್ಟ್ರಾ ಅಲ್ಲ, ನನ್ನದೇ ಹಾಡು ಹಾಡುತ್ತೇನೆ ಎಂದೆ. ಅವರು ಮುಖ ಸಣ್ಣದು ಮಾಡಿಕೊಂಡು, "ಯಾಕಪ್ಪ, ಬ್ಯಾರೆಯೋರು ಬರ್ದವು ಸಿಕ್ನಿಲ್ವಾ?" ಎಂದರು. ಇಷ್ಟು ಪ್ರಾಮಾಣಿಕವಾದ ವಿಮರ್ಶೆ ನನಗೆ ಆಮೇಲೆ ಸಿಕ್ಕಿಲ್ಲ.

ಇಂಟರ್‌ನೆಟ್ಟಿನಲ್ಲಿ ಗಿಟಾರ್ ಪ್ರಿಯರ ಒಂದು ಗುಂಪಿದೆ. ಗಿಟಾರ್ ಪ್ರಿಯರು ಎಂದರೆ ಗಿಟಾರ್ ಬಾರಿಸುವವರು ಎಂದುಕೊಳ್ಳಬೇಡಿ, ಗಿಟಾರಿನ ಬಗ್ಗೆ ಮಾತಾಡುವವರು. ಬೀಟೆ ಮರ ಒಳ್ಳೆಯದೋ ಮಹಾಗನಿಯೋ, ತಂತಿ ದಪ್ಪವಿರಬೇಕೋ ಸಣ್ಣವಿರಬೇಕೋ, ತಂತಿ ಹಾಯುವ ಮೇಲಿನ ಪಟ್ಟಿ ಮೂಳೆಯದಾಗಿರಬೇಕೋ ಪ್ಲಾಸ್ಟಿಕ್ಕಿನದೋ ಎಂದು ಅಲ್ಲಿ ಹಗಲಿರುಳು ಜಗಳ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಕುಣಿಯುವುದನ್ನೇ ಬಿಟ್ಟು ನೆಲ ಅಳೆಯುತ್ತಾ ಕೂತವರು. ನಾನೂ ಅವರಲ್ಲೊಬ್ಬ ಎಂದು ಬೇರೆ ಹೇಳಬೇಕಾಗಿಲ್ಲ. ಹಳೆಯ ತಂತಿ ಬಿಚ್ಚಿ ಹೊಸದು ಕಟ್ಟುವುದು ಹೇಗೆ ಎಂದು ನಾನು ಮಾಡಿದ ವಿಡಿಯೋವನ್ನು ಜನ ಉಸಿರು ಬಿಗಿಹಿಡಿದು ಕೊನೆಯವರೆಗೂ ನೋಡಿದರು. ಅದೇ ಹೊಸ ತಂತಿಯಲ್ಲಿ ಬಾರಿಸಿದ ಹಾಡನ್ನು ಮಾತ್ರ ಮೊದಲ ಸಾಲಿಗೇ ಬಿಟ್ಟು ಎದ್ದುಹೋದರು. ಯಾರು ಎಷ್ಟು ಹೊತ್ತು ಕೇಳಿದರು ಎಂದು ತೋರಿಸುವ ಗ್ರಾಫಿನ ಒಂದು ಗೆರೆಯಿರುತ್ತದೆ. ನನ್ನ ಹಾಡುಗಳ ಗೆರೆ ಬೆಟ್ಟದಿಂದ ಬಿದ್ದವನ ಹಾಗೆ ನೆಟ್ಟಗೆ ಕೆಳಕ್ಕೆ ಇಳಿಯುತ್ತಿತ್ತು.

ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ಆಗ ಸಂಕಟವಾಗುತ್ತಿತ್ತು. ನನಗೆ ಬೇಕಾಗಿದ್ದುದು ಹೆಸರಲ್ಲ. ಒಂದು ಹಾಡನ್ನು, ಒಂದೇ ಒಂದು ಹಾಡನ್ನು, ಮೊದಲಿಂದ ಕೊನೆಯವರೆಗೆ ಕೇಳುವ ಒಬ್ಬ ಮನುಷ್ಯ ಬೇಕಾಗಿತ್ತು. ಅವ್ವ ಇದ್ದಾಳಲ್ಲ ಎನ್ನುತ್ತೀರಿ. ಅವ್ವ ಕೇಳುತ್ತಾಳೆ, ನಡುವೆ "ಗ್ಯಾಸ್ ಆಫ್ ಮಾಡುದ್ನಾ ನೋಡ್ಲಾ" ಎಂದೂ ಹೇಳುತ್ತಾಳೆ. ಅದು ಲೆಕ್ಕಕ್ಕೆ ಬರುವುದಿಲ್ಲ.

ಹಾಡು ಜನಕ್ಕೆ ತಲುಪದಿರಲು ಕಾರಣ ರೆಕಾರ್ಡಿಂಗ್ ಸರಿಯಿಲ್ಲದಿರುವುದು ಎಂದು ಗುಂಪಿನ ಪಂಡಿತರು ತೀರ್ಪು ಕೊಟ್ಟರು. ಕೋಣೆಯ ಗೋಡೆಗೆ ದಪ್ಪ ಬಟ್ಟೆ ಹೊದಿಸಬೇಕು, ಆಗ ಸದ್ದು ಮುದ್ದೆಯಾಗಿ ಕೂರುತ್ತದೆ ಎಂದರು. ನಮ್ಮ ಕಡೆ ಧಾರಾಳವಾಗಿ ಸಿಗುವ ದಪ್ಪ ಬಟ್ಟೆ ಎಂದರೆ ಗೋಣಿಚೀಲ. ಆಲೆಮನೆಯಿಂದ ಹಳೆಯ ಬೆಲ್ಲದ ಚೀಲಗಳನ್ನು ತಂದು ನಾಲ್ಕೂ ಗೋಡೆಗೆ ಮೊಳೆ ಹೊಡೆದೆ. ವಾರದೊಳಗೆ ನನ್ನ ಸ್ಟುಡಿಯೋಗೆ ಕೇಳುಗರು ಬಂದರು, ಸಾಲುಸಾಲಾಗಿ, ಶಿಸ್ತಾಗಿ. ಗೋಡೆ ಮುಗಿಸಿಕೊಂಡು ಗಿಟಾರಿನ ಹೊಟ್ಟೆಯೊಳಕ್ಕೂ ಇಳಿದರು. ನಾನು ಕಿರುಚಿಕೊಂಡಾಗ ಅವ್ವ ಬಾಗಿಲಲ್ಲಿ ನಿಂತು, "ಬೆಲ್ಲದ್ ಚೀಲ ಗ್ವಾಡೆಗ್ ಒಡುದ್ರೆ ಗೊದ್ದ ಬರ್ದೆ ನಂಟ್ರು ಬತ್ತಾರಾ?" ಎಂದಳು. ಚೀಲ ಬಿಚ್ಚಿದೆ. ಆ ಕಪ್ಪಿರುವೆಗಳಲ್ಲಿ ಕೆಲವು ಈಗಲೂ ಗಿಟಾರಿನೊಳಗೇ ಸಂಸಾರ ಮಾಡಿಕೊಂಡಿವೆ ಎಂಬ ಗುಮಾನಿ ನನಗಿದೆ.

ಚೀಲ ಬಿಚ್ಚಿದ ಮೇಲೆ ನಿಜವಾದ ಶತ್ರು ಕಾಣಿಸಿಕೊಂಡ. ನಮ್ಮ ಕಿಟಕಿಯೆದುರಿನ ಕಂಬದ ಮೇಲೆ ಒಂದು ಟ್ರಾನ್ಸ್‌ಫಾರ್ಮರ್ ಇತ್ತು. ಊರಿನವರ ಬಾಯಲ್ಲಿ ಅದು ಟಿ.ಸಿ. ಗದ್ದೆಯ ಪಂಪ್‌ಸೆಟ್ಟುಗಳಿಗೆಲ್ಲ ಅದರಿಂದಲೇ, ಹೊತ್ತುಗೊತ್ತಿಲ್ಲದೆ ಬಂದುಹೋಗುವ ತ್ರೀ ಫೇಸ್ ಕರೆಂಟು. ಮನೆಯ ದೀಪದ ಲೈನೇ ಬೇರೆ, ಹಾಗಾಗಿ ತ್ರೀ ಫೇಸ್ ಬಂತೋ ಇಲ್ಲವೋ ಮನೆಯೊಳಗೆ ಕೂತವರಿಗೆ ತಿಳಿಯುವುದಿಲ್ಲ. ಟಿ.ಸಿ. ಬಹಳ ಹಳೆಯದು, ಒಳಗೆ ಎಲ್ಲವೂ ಸಡಿಲವಾಗಿತ್ತೆಂದು ಕಾಣುತ್ತದೆ. ತ್ರೀ ಫೇಸ್ ಬಂತೆಂದರೆ ಗುಂಯ್ ಎಂದು ಒಂದೇ ಸ್ವರ ಹಿಡಿದು ಕೂತುಬಿಡುತ್ತಿತ್ತು. ಬಾಗಿಲು ಹಾಕಿದೆ, ಕಿಟಕಿಗೆ ಕಂಬಳಿ ಕಟ್ಟಿದೆ. ಏನೇ ಮಾಡಿದರೂ ನನ್ನ ಪ್ರೇಮಗೀತೆಯ ಹಿಂದೆ ಇಲಾಖೆ ಗುಂಯ್ಗುಡುತ್ತಿತ್ತು.

ಕೊನೆಗೆ ನನ್ನ ಸಹಾಯಕ್ಕೆ ಬಂದದ್ದು ಚಿಕ್ಕಂದಿನಲ್ಲಿ ನೋಡಿದ ನಾಟಕ. ನಮ್ಮೂರಲ್ಲಿ ಪೌರಾಣಿಕ ನಾಟಕ ಆಡುವಾಗ ಹಾರ್ಮೋನಿಯಂ ಮೇಷ್ಟ್ರು ಯಾವ ಮನೆ ಹಿಡಿಯುತ್ತಾರೋ ಆ ಶ್ರುತಿಗೇ ರಾಜನೂ ಹಾಡಬೇಕು, ಸೇವಕನೂ ಹಾಡಬೇಕು. ಗಂಟಲು ಹರಿದರೂ ಮೇಷ್ಟ್ರು ಇಳಿಸುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಅಧಿಕಾರ ನೋಡಲು ಬಂದವರದು. ಅವರು ಒನ್ಸ್ ಮೋರ್ ಎಂದು ಕೂಗಿದರೆ ಯುದ್ಧದಲ್ಲಿ ಸತ್ತುಬಿದ್ದ ರಾಜಕುಮಾರನೂ ಎದ್ದು, ಧೂಳು ಕೊಡವಿಕೊಂಡು, ಇನ್ನೊಂದು ಸಲ ಹಾಡಿ, ಮತ್ತೆ ಅದೇ ಜಾಗದಲ್ಲಿ ಸಾಯುತ್ತಿದ್ದ. ಹಾಗೆ ಎದ್ದೆದ್ದು ಸಾಯುವುದರಲ್ಲಿ ಊರಿಗೇ ಹೆಸರಾದವನು ನಮ್ಮ ಕೆಳಗಿನ ಬೀದಿಯ ದ್ಯಾವಣ್ಣ. ಇರಲಿ, ಅವನ ವಿಷಯಕ್ಕೆ ಬರುತ್ತೇನೆ.

ಟಿ.ಸಿ.ಯೇ ಹಾರ್ಮೋನಿಯಂ ಮೇಷ್ಟ್ರು ಎಂದುಕೊಂಡೆ. ಅದರ ಸ್ವರ ಗಿಟಾರಿನ 'ಜಿ'ಗಿಂತ ಕೂದಲೆಳೆಯಷ್ಟು ಮೇಲಿತ್ತು. ಅದು ಇಳಿಯುವ ಜಾತಿಯಲ್ಲ, ಆದ್ದರಿಂದ ನಾನೇ ಎಲ್ಲ ತಂತಿಗಳನ್ನೂ ತುಸು ಏರಿಸಿಕೊಂಡೆ. ಗುಂಯ್ ಎನ್ನುವುದು ತಂಬೂರಿಯಾಯಿತು. ಅಂದಿನಿಂದ ತ್ರೀ ಫೇಸ್ ಬಂದಾಗ ಮಾತ್ರ ಹಾಡುವುದು, ಹೋದರೆ ನಿಲ್ಲಿಸುವುದು ಎಂಬ ನಿಯಮ ಮಾಡಿಕೊಂಡೆ. ಸಂಗೀತದಲ್ಲಿ ಪ್ರಾತಃಕಾಲದ ರಾಗ, ಸಂಧ್ಯಾಕಾಲದ ರಾಗ ಎಂದಿವೆಯಲ್ಲ, ನನ್ನದು ಪಂಪ್‌ಸೆಟ್ ಕಾಲದ ರಾಗ.

ಹಾಗೆ ಹುಟ್ಟಿದ ಒಂದು ಹಾಡು ಗುಂಪಿನಲ್ಲಿ ಗದ್ದಲ ಎಬ್ಬಿಸಿತು. ಹಾಡು ಹೇಗಿದೆ ಎಂದು ಯಾರೂ ಹೇಳಲಿಲ್ಲ. ಹಿಂದಿನ ಆ ಶ್ರುತಿ ಯಾವ ಕಂಪನಿಯದು ಎಂದು ಕೇಳಿದರು. ಒಬ್ಬರು ಹಳೆಯ ಕಾಲದ ಶ್ರುತಿಪೆಟ್ಟಿಗೆ ಎಂದರು, ಇನ್ನೊಬ್ಬರು ಇದು ಹಿಮಾಲಯದ ಕಡೆಯ ವಾದ್ಯ ಎಂದು ಆಧಾರ ಸಮೇತ ವಾದಿಸಿದರು. ಅದು ಪಂಪ್‌ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಎಂದು ನಾನು ಇದ್ದದ್ದು ಇದ್ದಹಾಗೆ ಬರೆದೆ. ಎಲ್ಲರೂ ನಗುವ ಚಿತ್ರ ಹಾಕಿ, ಎಷ್ಟು ವಿನಯ, ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಹೊಗಳಿದರು. ಕಡೆಗೆ ಗುಂಪು ನಡೆಸುವ ಪುಣ್ಯಾತ್ಮರು, ಹೊರದೇಶದವರು, ಒಂದು ಸಂಜೆ ಎಲ್ಲರೆದುರು ನೇರವಾಗಿ ಆ ಹಾಡನ್ನು ಪೂರ್ತಿ ಹಾಡಿ ಎಂದು ಆಹ್ವಾನ ಕೊಟ್ಟರು. ಪೂರ್ತಿ ಎಂಬ ಆ ಒಂದು ಪದವನ್ನು ನಾನು ಎಷ್ಟು ಸಲ ಓದಿಕೊಂಡೆನೋ.

ಆ ಹಾಡಿಗೆ ಇನ್ನೊಬ್ಬ ಅಭಿಮಾನಿಯಿದ್ದ. ಅವನೇ ದ್ಯಾವಣ್ಣ. ಅವನ ಗದ್ದೆಯೇ ನಾಲೆಯ ಕೊಟ್ಟಕೊನೆಯ ಗದ್ದೆ. ನಾಲೆ ನಂಬಿ ಕೂತರೆ ಆಗದೆಂದು ಬೋರು ಕೊರೆಸಿಕೊಂಡಿದ್ದ. ನಾನು ಆ ಎಂದು ಗಂಟಲು ಸರಿಮಾಡಿಕೊಳ್ಳಲು ಶುರು ಮಾಡಿದರೆ ಸಾಕು, ಕೆಳಗಿನ ಬೀದಿಯಿಂದ ಬಂದು ನಮ್ಮ ಜಗಲಿಯ ಮುಂದೆ ನಿಲ್ಲುತ್ತಿದ್ದ. ಮೊದಲ ಸಾಲು ಕೇಳುತ್ತಿದ್ದಂತೆ ತಲೆ ಆಡಿಸುತ್ತಿದ್ದ. ಎರಡನೆಯ ಸಾಲಿಗೆ ಅವನ ಮುಖದಲ್ಲಿ ಒಂದು ಆತುರ ಬಂದು, ಟವಲು ಹೆಗಲಿಗೆಸೆದುಕೊಂಡು ದಡದಡ ನಡೆದುಬಿಡುತ್ತಿದ್ದ. ಅಷ್ಟು ತಡೆದುಕೊಳ್ಳಲಾರದ ಭಾವುಕತೆ ಎಂದು ನಾನು ಅಂದುಕೊಂಡೆ. ಕಣ್ಣೀರು ಕಾಣಬಾರದೆಂದು ಹೋಗುತ್ತಾನೆ ಪಾಪ ಎಂದು ಅವ್ವನಿಗೂ ಹೇಳಿದೆ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ನನಗಿದ್ದ ಬೇಸರ ಒಂದೇ. ಆ ಹಾಡು ಶುರುವಾಗುವುದು 'ನೀರು ಬಂತು ನೀರು ಬಂತು ಮೇಲಿನ ಬಯಲಿಗೆ' ಎಂದು. ಮುಂದೆ ಒಂದೊಂದೇ ಗದ್ದೆ ದಾಟಿ, ಕೊನೆಯ ನುಡಿಯಲ್ಲಿ 'ಗುದ್ದಲಿ ಹಿಡಿದು ಕೂತಿದಾನೆ ಕೊನೆಯ ಗದ್ದೆಯವ' ಎಂದು ನಿಲ್ಲುತ್ತದೆ. ಆ ಕೂತವನು ದ್ಯಾವಣ್ಣನೇ. ಒಂದು ಬೆಳಗ್ಗೆ ಬಸ್ಸಿಗೆ ಹೋಗುವಾಗ ಅವನು ಬದುವಿನ ಮೇಲೆ ಹಾಗೆ ಕೂತು ಒಣಗಿದ ನಾಲೆ ನೋಡುತ್ತಿದ್ದುದನ್ನು ಕಂಡು ಮಳವಳ್ಳಿ ತಲುಪುವಷ್ಟರಲ್ಲಿ ಕಟ್ಟಿದ ಹಾಡು ಅದು. ಬಾಯಿಬಿಟ್ಟು ಹೇಳಲು ನಾಚಿಕೆ. ಹಾಡೇ ಹೇಳಲಿ ಎಂದು ಬಿಟ್ಟಿದ್ದೆ. ಆದರೆ ಹಾಡು ಅವನ ಗದ್ದೆ ತಲುಪುವ ಹೊತ್ತಿಗೆ ಅವನು ಬೀದಿ ದಾಟಿಯಾಗಿರುತ್ತಿತ್ತು.

ಆಹ್ವಾನ ಬಂದ ವಾರವೇ ಟಿ.ಸಿ. ಸುಟ್ಟುಹೋಯಿತು. ಢಂ ಎಂದು ಒಂದು ಸದ್ದು, ಒಂದಿಷ್ಟು ಹೊಗೆ, ಅಲ್ಲಿಗೆ ನನ್ನ ತಂಬೂರಿ ಮುಗಿಯಿತು. ನಮ್ಮ ಕಡೆ ಟಿ.ಸಿ. ಸುಟ್ಟರೆ ಊರವರೇ ಇಳಿಸಿ, ಟ್ರ್ಯಾಕ್ಟರಿಗೆ ಹಾಕಿಕೊಂಡು, ಹೆಣದ ಹಿಂದೆ ಹೋಗುವವರ ಹಾಗೆ ಸುತ್ತ ಕೂತು ಮದ್ದೂರಿಗೆ ಹೋಗುವುದು ವಾಡಿಕೆ. ಮೇಷ್ಟ್ರು ಒಬ್ಬರಿದ್ದರೆ ಮಾತಿಗೆ ತೂಕ ಬರುತ್ತದೆಂದು ನನ್ನನ್ನೂ ಹತ್ತಿಸಿಕೊಂಡರು. ಅಲ್ಲಿದ್ದ ಇಂಜಿನಿಯರು ಸಜ್ಜನರು. ಹೊಸದೇ ಇದೆ, ತಗೊಂಡು ಹೋಗಿ ಎಂದುಬಿಟ್ಟರು. ಎಲ್ಲರ ಮುಖ ಅರಳಿತು. ನಾನು ಮುಂದೆ ಹೋಗಿ, ಹೊಸದು ಬೇಡ ಸಾರ್, ಇದನ್ನೇ ರಿಪೇರಿ ಮಾಡಿಕೊಡಿ ಎಂದೆ.

"ಎಲ್ರೂ ಹೊಸದು ಕೊಡಿ ಅಂತ ಗಲಾಟೆ ಮಾಡ್ತಾರೆ, ನಿಮಗ್ಯಾಕೆ ಮೇಷ್ಟ್ರೇ ಹಳೇದು?" ಎಂದರು ಇಂಜಿನಿಯರು.

"ಇದರ ಶ್ರುತಿ ಚೆನ್ನಾಗಿತ್ತು ಸಾರ್," ಎಂದೆ.

ಅವರು ನನ್ನನ್ನು ನೋಡಿದರು, ಊರವರನ್ನು ನೋಡಿದರು. ದ್ಯಾವಣ್ಣ ನನ್ನ ರಟ್ಟೆ ಹಿಡಿದು ಆಚೆ ಎಳೆದುಕೊಂಡು ಹೋದ. "ಬಾಯ್ ಮುಚ್ಕಂಡಿರ್ಲಾ ಮಾದೇಸ. ತಲೆ ಕೆಟ್ಟೋರ ಊರು ಅಂತ ಕೊಡೋದ್ನೂ ಕೊಡ್ದಂಗ್ ಮಾಡ್ಬುಟ್ಟಿಯೆ."

ಹೊಸ ಟಿ.ಸಿ. ಬಂತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಈಡುಗಾಯಿ ಒಡೆದರು. ತ್ರೀ ಫೇಸ್ ಬಿಟ್ಟರು. ನಾನು ಕಂಬದ ಕೆಳಗೆ ಹೋಗಿ ಕಿವಿಗೆ ಕೈ ಆನಿಸಿಕೊಂಡು ನಿಂತೆ. ಏನೂ ಇಲ್ಲ. ಒಳ್ಳೆಯ ಮನೆತನದ ಹೊಸ ಸೊಸೆಯ ಹಾಗೆ ಗಪ್‌ಚಿಪ್ಪು. ಊರಿಡೀ ಚಪ್ಪಾಳೆ ತಟ್ಟಿತು. ಚೆನ್ನಾಗಿ ಕೆಲಸ ಮಾಡುತ್ತಿರುವ ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತು ದುಃಖಪಟ್ಟ ಮನುಷ್ಯ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ.

ಶ್ರುತಿಯೇ ಇಲ್ಲವೆಂದ ಮೇಲೆ ಹೊತ್ತಿನ ನಿಯಮವೂ ಇಲ್ಲ. ಒಂದು ಭಾನುವಾರ ಮಧ್ಯಾಹ್ನ ಮನಸ್ಸಿಗೆ ಬಂದಾಗ ಬಾರಿಸತೊಡಗಿದೆ. ದ್ಯಾವಣ್ಣ ಬಂದ, ತಲೆ ಆಡಿಸಿದ, ಹೋದ. ಸ್ವಲ್ಪ ಹೊತ್ತಿಗೆ ವಾಪಸ್ಸು ಬಂದ. ಈ ಸಲ ಮುಖದಲ್ಲಿ ಭಾವುಕತೆ ಬೇರೆ ತರಹದ್ದಿತ್ತು.

"ಲೇ, ಕರೆಂಟ್ ಬರ್ದಂಗೆ ಯಾಕ್ಲಾ ಬಾರುಸ್ದೆ?"

"ಅಂದ್ರೆ?"

"ಅಂದ್ರೇನ್ ಅಂದ್ರೆ? ಈ ಬಿಸ್ಲಲ್ಲಿ ಮೋಟ್ರು ಮನೆಗಂಟ ಓಗ್ ಬಂದೆ ಕಣ್ಲಾ! ನೀನ್ ಬಾರುಸುದ್ರೆ ತ್ರೀ ಫೇಸ್ ಬಂದದೆ ಅಂತ ತಾನೆ ಲೆಕ್ಕ?"

ಅವ್ವ ಒಳಗಿನಿಂದ ನಗು ತಡೆಯಲಾರದೆ ಹೊರಗೆ ಬಂದಳು. ದ್ಯಾವಣ್ಣ ಒಮ್ಮೆ, ಕರೆಂಟು ಬಂದೊಡನೆ ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್ ನಂಬಿ ಮೋಟರು ಸುಟ್ಟುಕೊಂಡಿದ್ದ. ಆಮೇಲೆ ಕೈಯಾರೆ ಹೋಗಿ ಹಾಕುವುದೇ ಅವನ ಪದ್ಧತಿ. ಟಿ.ಸಿ.ಯ ಸದ್ದು ಕೆಳಗಿನ ಬೀದಿಗೆ ಕೇಳುವುದಿಲ್ಲ, ನನ್ನ ಗಂಟಲು ಕೇಳುತ್ತದೆ. ಅವನ ಗದ್ದೆಗೆ ದಾರಿಯೂ ನಮ್ಮ ಜಗಲಿಯ ಮುಂದೆಯೇ. "ಅವ್ನೊಬ್ನೇ ಅಲ್ಲ ಕಣಪ್ಪ, ಆ ಬೀದಿಯೋರೆಲ್ಲ ಅಂಗೇಯ. ಮೇಷ್ಟ್ರು ಸುರು ಮಾಡುದ್ರು, ಏಳ್ರಪ್ಪ ಅಂತಾರೆ," ಎಂದಳು ಅವ್ವ. ಇಷ್ಟು ದಿನ ನಾನು ಕಲಾವಿದ ಎಂದುಕೊಂಡಿದ್ದೆ. ಊರಿಗೆ ನಾನು ಸೈರನ್ನು.

ಅವಮಾನವಾಯಿತೇ? ಆಯಿತು. ಹೋಗಲಿ, ಹಿತ್ತಲ ಗಿಡ ಮದ್ದಲ್ಲ, ಹೊರದೇಶದವರಾದರೂ ಪೂರ್ತಿ ಕೇಳುತ್ತಾರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹಳೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಈ ಸಲ ಶ್ರುತಿ ಇರುವುದಿಲ್ಲ ಎಂದು ಗುಂಪಿನವರಿಗೆ ಬರೆದೆ. ಮತ್ತೆ ನಗುವ ಚಿತ್ರಗಳು ಬಂದವು.

ಹಾಡಬೇಕಾಗಿದ್ದ ಸಂಜೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಪುಣ್ಯಾತ್ಮರು ನನ್ನ ಗಿಟಾರಿನ ಮರದ ಬಗ್ಗೆ, ತಂತಿಯ ಬಗ್ಗೆ ದೀರ್ಘವಾಗಿ ವಿಚಾರಿಸಿ, ಈಗ ಹಾಡಿ ಎಂದರು. 'ನೀರು ಬಂತು' ಎಂದು ಬಾಯಿ ತೆರೆದೆ. ದೀಪ ಹೋಯಿತು. ಕಂಪ್ಯೂಟರು, ವೈಫೈ ಒಟ್ಟಿಗೆ ಕಣ್ಣು ಮುಚ್ಚಿದವು. ಮೊಬೈಲ್ ಸಿಗ್ನಲ್ ಎಂಬುದು ನಮ್ಮೂರಲ್ಲಿ ತಾರಸಿ ಹತ್ತಿದವರ ಭಾಗ್ಯ. ಕತ್ತಲಲ್ಲಿ ಕೂತೆ. ಸಿಟ್ಟಿಗೆ ಏನು ಮಾಡಬೇಕೋ ತಿಳಿಯದೆ, ಯಾರಿಗೂ ಅಲ್ಲದೆ, ಜೋರಾಗಿ ಹಾಡತೊಡಗಿದೆ.

ಜಗಲಿಯ ಮುಂದೆ ಹೆಜ್ಜೆ ಸದ್ದಾಯಿತು.

"ಕರೆಂಟಿಲ್ಲ ಓಗಣ್ಣ," ಎಂದು ಕೂಗಿದೆ.

"ಗೊತ್ತು ಕಣ್ಲಾ. ಮೇನ್ ಲೈನೇ ಓಗದೆ, ಊರೆಲ್ಲ ಕತ್ಲೆ," ಎಂದ ದ್ಯಾವಣ್ಣ. "ಇನ್ನೇನ್ ಕೆಲ್ಸ ಅದೆ? ನೀನ್ ಬಾರ್ಸು." ಟವಲಿನಿಂದ ಜಗಲಿ ಕೊಡವಿ ಕೂತುಕೊಂಡ.

ನಾನು ಮೊದಲಿಂದ ಹಾಡಿದೆ. ಗುಂಯ್ ಇಲ್ಲ, ಮೈಕಿಲ್ಲ, ಗೆರೆ ತೋರಿಸುವವರಿಲ್ಲ. ಎರಡನೆಯ ಸಾಲು ದಾಟಿತು, ಅವನು ಏಳಲಿಲ್ಲ. ನೀರು ಮೇಲಿನ ಬಯಲು ದಾಟಿತು, ನಡುವಿನ ಗದ್ದೆಗಳನ್ನು ದಾಟಿತು. ಕೊನೆಯ ನುಡಿಯಲ್ಲಿ ಗುದ್ದಲಿ ಹಿಡಿದವನು ಬಂದು ಕೂತ. ಹಾಡು ನಿಂತಿತು. ಕತ್ತಲಲ್ಲಿ ದ್ಯಾವಣ್ಣ ನನ್ನ ಕಡೆ ಸರಿದು ಕೂತ.

"ಈ ಪದ ಇಷ್ಟುದ್ದ ಅದಾ? ನಾನ್ ಎರಡೇ ಸಾಲು ಕೇಳಿದ್ದು. ಮೇಲಿನ್ ಬಯ್ಲೋರ್ ಪದ ಅಂತಿದ್ದೆ," ಎಂದ. ಆಮೇಲೆ, "ಆ ಗುದ್ಲಿ ಇಡ್ಕಂಡ್ ಕುಂತವ್ನು ನಾನೇ ಅಲ್ವೇನ್ಲಾ?"

"ಊಂ ಕಣಣ್ಣ."

"ಮತ್ತೆ ನೀರ್ ಯಾಕ್ ಬರ್ನಿಲ್ಲ?"

"ಅಂಗೇ ಬುಟ್ರೆ ಅರ್ಥ ಜಾಸ್ತಿ ಇರ್ತದೆ ಕಣಣ್ಣ. ಕೇಳೋರು ಯೋಚ್ನೆ ಮಾಡ್ಲಿ ಅಂತ."

"ಅರ್ತ ಕಟ್ಕಂಡು ಬತ್ತ ಬೆಳೆಯಕಾದದಾ?" ಎಂದ ದ್ಯಾವಣ್ಣ. ಅವನ ದನಿ ಎಂದಿನಂತಿರಲಿಲ್ಲ. "ನಾಲೇಲಂತೂ ಬರಾಕಿಲ್ಲ. ಪದ್ದಲ್ಲಾದ್ರೂ ತಂದ್ಬುಡ್ಲಾ ನೀರ. ನಿಂಗೇನ್ ಗಂಟ್ ಓಯ್ತದೆ?"

ಗುಂಪಿನ ಪಂಡಿತರು ಹೇಳಿದ್ದರೆ ಕಲೆ, ಸ್ವಾತಂತ್ರ್ಯ ಎಂದೆಲ್ಲ ಜಗಳ ತೆಗೆಯುತ್ತಿದ್ದೆ. ಒನ್ಸ್ ಮೋರ್ ಎಂದವರಿಗಾಗಿ ಸತ್ತವನೇ ಎದ್ದು ಬರುವ ಊರಿದು. ಕತ್ತಲಲ್ಲೇ ಮುಂದಿನ ಸಾಲು ಹುಡುಕತೊಡಗಿದೆ. ಅಷ್ಟರಲ್ಲಿ ಬೀದಿದೀಪ ಹತ್ತಿತು. ದ್ಯಾವಣ್ಣ ಕಂಬದ ಕಡೆ ನೋಡಿದ, ಆಮೇಲೆ ನನ್ನ ಕಡೆ ನೋಡಿದ, ಎದ್ದು ಟವಲು ಹೆಗಲಿಗೆ ಹಾಕಿಕೊಂಡ.

"ತ್ರೀ ಫೇಸೂ ಬಂದಿರ್ಬೇಕು. ನಾನ್ ನನ್ ಗದ್ದೆಗೆ ನೀರ್ ಬುಟ್ಟು ಬತ್ತೀನಿ. ಅಷ್ಟೊತ್ಗೆ ನೀನೂ ಪದ್ದಲ್ಲಿ ಬುಟ್ಟಿರು."

ಕಂಪ್ಯೂಟರು ಎದ್ದು ಕೂತಿತ್ತು. ಎಲ್ಲರೂ ಕಾಯುತ್ತಿದ್ದೇವೆ, ಶುರು ಮಾಡಿ ಎಂದು ಪುಣ್ಯಾತ್ಮರು ಬರೆದಿದ್ದರು. ತುಸು ತಡೆಯಿರಿ, ಮೊದಲು ದ್ಯಾವಣ್ಣ ಬರಬೇಕು ಎಂದು ಬರೆದೆ. ದ್ಯಾವಣ್ಣ ಎಂದರೆ ಯಾವ ಕಂಪನಿಯದು ಎಂದು ತಕ್ಷಣ ಒಬ್ಬರು ಕೇಳಿದರು. ನಾನು ಗಿಟಾರ್ ಎತ್ತಿಕೊಂಡೆ. ನೀರು ಬಿಡುವ ಕೆಲಸವಿತ್ತು.